ಬಿಸಿಲಿಗೆ ಬಗ್ಗದ ಹೂಗಿಡ: ಹಮೇಲಿಯ

ಹೂವು ಮತ್ತು ಹಕ್ಕಿಗಳ ನಂಟನ್ನು ಕುರಿತ ಮಾತುಕತೆಯಲ್ಲಿ ಒಂದು ಪುಟ್ಟ ಹಕ್ಕಿಯನ್ನು ತಾವು ಪರದೆಯ ಮೇಲೆ ನೋಡಿದಿರಿ. ಗಾಳಿಯಲ್ಲಿ ನಿಂತಲ್ಲೇ ನಿಂತು, ಕೆಂಪು ಹೂವಿನ ಕೊಳವೆಯೊಳಗೆ ಸೂಜಿಯಂಥ ಕೊಕ್ಕನ್ನಿಟ್ಟು ಮಕರಂದ ಹೀರುತ್ತಿದ್ದ ಹಕ್ಕಿ ಅದು. ಹೆಸರು ಹಮ್ಮಿಂಗ್ ಬರ್ಡ್. ರೆಕ್ಕೆ ಬಡಿತದಿಂದ ಏಳುವ ಗುಂಯ್ ಎಂಬ ಸದ್ದಿನಿಂದಾಗಿ ಇದನ್ನು ಕನ್ನಡದಲ್ಲಿ ಝೇಂಕಾರದ ಹಕ್ಕಿ ಎಂದೂ ಕರೆಯುವುದುಂಟು. ಈ ಚಿತ್ರ ನೋಡಿದವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಆ ಗಿಡ ಯಾವುದು, ನಮ್ಮ ಬಿಸಿಲಿನಲ್ಲಿ ಬದುಕೀತೇ ಎಂಬುದು ಮೊದಲನೆಯದು. ಅದನ್ನು ನೆಟ್ಟರೆ ನಮ್ಮ ಮನೆಗೂ ಆ ಹಕ್ಕಿ ಬರುವುದೇ ಎಂಬುದು ಎರಡನೆಯದು.

ಮೊದಲ ಪ್ರಶ್ನೆಗೆ ಉತ್ತರ, ಬದುಕುತ್ತದೆ. ಎರಡನೆಯದಕ್ಕೆ ಉತ್ತರ, ಬರುವುದಿಲ್ಲ. ಆದರೆ ಅದರ ಬದಲಿಗೆ ಬೇರೊಬ್ಬ ಅತಿಥಿ ಬರುತ್ತಾನೆ. ಪರದೆಯ ಮೇಲೆ ಹೇಳಲು ಸಮಯ ಸಾಲದ ವಿವರಗಳನ್ನು ಇಲ್ಲಿ ಸಾವಕಾಶವಾಗಿ ನೋಡೋಣ.

ಹಕ್ಕಿ ಎಲ್ಲಿಯದು?

ಇಂದು ಜೀವಿಸಿರುವ ಹಮ್ಮಿಂಗ್ ಬರ್ಡ್‌ಗಳಲ್ಲಿ 350ಕ್ಕೂ ಹೆಚ್ಚು ಪ್ರಭೇದಗಳಿವೆ. ಇವೆಲ್ಲವೂ ಉತ್ತರ ಮತ್ತು ದಕ್ಷಿಣ ಅಮೆರಿಕ ಖಂಡಗಳಲ್ಲಿ ಹಾಗೂ ಅಲ್ಲಿನ ದ್ವೀಪಗಳಲ್ಲಿ ಮಾತ್ರ ಇವೆ. ಕ್ಯೂಬಾ ದೇಶದ ಒಂದು ಪ್ರಭೇದದ ತೂಕ ಎರಡು ಗ್ರಾಂ ಮಾತ್ರ. ಅದು ಲೋಕದಲ್ಲೇ ಅತಿ ಚಿಕ್ಕ ಹಕ್ಕಿ. ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವ ಭಾಗದಲ್ಲಿ ಕಾಣುವ ಮಾಣಿಕ್ಯ ಕೊರಳಿನ ಹಕ್ಕಿ ಮೂರು ಗ್ರಾಂ ಆಸುಪಾಸು ತೂಗುತ್ತದೆ. ಸೆಕೆಂಡಿಗೆ ಸುಮಾರು 50 ಬಾರಿ ರೆಕ್ಕೆ ಬಡಿಯುತ್ತದೆ. ಇಷ್ಟು ಹಗುರವಾದ ಜೀವ ವಲಸೆಯ ಕಾಲದಲ್ಲಿ ಮೆಕ್ಸಿಕೊ ಕೊಲ್ಲಿಯನ್ನು, ಅಂದರೆ 800 ಕಿಲೋಮೀಟರಿನಷ್ಟು ನೀರನ್ನು, ಎಲ್ಲಿಯೂ ಇಳಿಯದೆ ದಾಟಬಲ್ಲದು. ಅದಕ್ಕೆ ಬೇಕಾದ ಶಕ್ತಿ ಬರುವುದು ಹೂವಿನ ಸಕ್ಕರೆಯಿಂದ ಮತ್ತು ಸಣ್ಣ ಹುಳುಗಳಿಂದ.

ಒಂದು ಸ್ವಾರಸ್ಯದ ಸಂಗತಿಯೂ ಇದೆ. ಜರ್ಮನಿಯಲ್ಲಿ ದೊರೆತ, ಮೂರು ಕೋಟಿ ವರ್ಷಗಳಿಗೂ ಹಿಂದಿನ ಪಳೆಯುಳಿಕೆಯೊಂದು ಹಮ್ಮಿಂಗ್ ಬರ್ಡ್‌ನದೇ ಎಂದು ವಿಜ್ಞಾನಿಗಳು 2004ರಲ್ಲಿ ತಿಳಿಸಿದರು. ಹಾಗಾಗಿ ಒಂದಾನೊಂದು ಕಾಲಕ್ಕೆ ಈ ಹಕ್ಕಿಗಳ ಬಂಧುಗಳು ಹಳೆಯ ಖಂಡಗಳಲ್ಲಿಯೂ ಇದ್ದವು. ಈಗ ಇಲ್ಲ. ಆದ್ದರಿಂದ ನಮ್ಮ ತೋಟಗಳಲ್ಲಿ ‘ಹಮ್ಮಿಂಗ್ ಬರ್ಡ್ ನೋಡಿದೆ’ ಎಂದು ಯಾರಾದರೂ ಹೇಳಿದರೆ ಅವರು ನೋಡಿದ್ದು ಬಹುಮಟ್ಟಿಗೆ ಸೂರಕ್ಕಿಯನ್ನು. ಇಲ್ಲವೇ ಹೂವಿನ ಮುಂದೆ ಗಾಳಿಯಲ್ಲಿ ನಿಲ್ಲುವ, ದಪ್ಪ ಮೈಯ ಒಂದು ಜಾತಿಯ ಪತಂಗವನ್ನು.

ಸೂರಕ್ಕಿ ನಮ್ಮದು

ಸೂರಕ್ಕಿಗಳ ಕುಟುಂಬ ಆಫ್ರಿಕ, ಏಷ್ಯಾ ಮತ್ತು ಆಸ್ಟ್ರೇಲಿಯ ಖಂಡಗಳಿಗೆ ಸೇರಿದ್ದು. ಕರ್ನಾಟಕದ ಊರು ಕೇರಿಗಳಲ್ಲಿ ಊದಾ ಬಣ್ಣದ ಸೂರಕ್ಕಿ ಮತ್ತು ಊದಾ ಬೆನ್ನಿನ ಸೂರಕ್ಕಿ ಹೆಚ್ಚಾಗಿ ಕಾಣುತ್ತವೆ. ಕೊಕ್ಕು ಹೆಚ್ಚು ಉದ್ದವಾಗಿ ಬಾಗಿರುವ ಇನ್ನೊಂದು ಬಗೆಯುಂಟು. ಪಶ್ಚಿಮ ಘಟ್ಟದ ಕಾಡು, ಕಾಫಿ ತೋಟಗಳಲ್ಲಿ ಕೆಂಪು ಬೆನ್ನಿನ ಪುಟ್ಟ ಸೂರಕ್ಕಿ ಇದೆ. ಇವುಗಳ ತೂಕ ಸಾಮಾನ್ಯವಾಗಿ ಹತ್ತು ಗ್ರಾಂಗಿಂತ ಕಡಿಮೆ.

ಸೂರಕ್ಕಿಗೂ ಹಮ್ಮಿಂಗ್ ಬರ್ಡಿಗೂ ರಕ್ತಸಂಬಂಧವಿಲ್ಲ. ಹಮ್ಮಿಂಗ್ ಬರ್ಡ್‌ಗೆ ಹತ್ತಿರದ ನೆಂಟ ಬಾನಾಡಿ ಎಂಬ, ಸದಾ ಆಕಾಶದಲ್ಲೇ ಹಾರುವ ಹಕ್ಕಿ. ಸೂರಕ್ಕಿಯಾದರೋ ಗುಬ್ಬಚ್ಚಿ, ಕಾಗೆ, ಮೈನಾಗಳಿರುವ ದೊಡ್ಡ ಬಳಗಕ್ಕೆ ಸೇರಿದ್ದು. ಎರಡೂ ಬೇರೆ ಬೇರೆ ಖಂಡಗಳಲ್ಲಿ ಒಂದೇ ಉದ್ಯೋಗವನ್ನು ಕಲಿತವು. ಒಂದೇ ಕೆಲಸ ಮಾಡುವವರ ಉಪಕರಣಗಳೂ ಒಂದೇ ರೀತಿ ಇರುತ್ತವೆಯಲ್ಲವೇ? ಹಾಗೆಯೇ ಇವೆರಡಕ್ಕೂ ಉದ್ದ ಕೊಕ್ಕು, ಕೊಳವೆಯಂಥ ನಾಲಗೆ, ಮಿನುಗುವ ಗರಿ ಬಂದವು. ಮುಖ್ಯವಾದ ವ್ಯತ್ಯಾಸ ಒಂದೇ. ಹಮ್ಮಿಂಗ್ ಬರ್ಡ್ ಗಾಳಿಯಲ್ಲಿ ನಿಂತು ಕುಡಿಯುತ್ತದೆ. ಸೂರಕ್ಕಿ ಕ್ಷಣಕಾಲ ಹಾಗೆ ನಿಲ್ಲಬಲ್ಲದಾದರೂ ಕೊಂಬೆಯ ಮೇಲೆ ಕುಳಿತು ಕುಡಿಯುವುದೇ ಅದಕ್ಕೆ ಇಷ್ಟ. ಕೂರಲು ಗಟ್ಟಿ ಟೊಂಗೆಯಿರುವ ಗಿಡವನ್ನು ಆರಿಸಬೇಕೆನ್ನುವುದು ಇದೇ ಕಾರಣಕ್ಕೆ. ಹಮೇಲಿಯ ಅಂಥ ಗಿಡ.

ಗಿಡದ ಪರಿಚಯ

ಇದರ ಪೂರ್ಣ ಹೆಸರು ಹಮೇಲಿಯ ಪೇಟೆನ್ಸ್. ಅಮೆರಿಕದ ಫ್ಲಾರಿಡಾದಿಂದ ಹಿಡಿದು ಮೆಕ್ಸಿಕೊ, ಕೆರಿಬಿಯನ್ ದ್ವೀಪಗಳು, ಮಧ್ಯ ಅಮೆರಿಕ ದಾಟಿ ಅರ್ಜೆಂಟೀನದವರೆಗೆ ಇದರ ತವರು. ಹೂವಿನ ಬೆಂಕಿಬಣ್ಣದಿಂದಾಗಿ ಅಲ್ಲಿ ಇದಕ್ಕೆ ‘ಬೆಂಕಿಪೊದೆ’ ಎಂಬರ್ಥದ ಹೆಸರಿದೆ. ಹಮೇಲಿಯ ಎಂಬ ಹೆಸರು ಹದಿನೆಂಟನೆಯ ಶತಮಾನದ ಫ್ರೆಂಚ್ ಸಸ್ಯವಿಜ್ಞಾನಿ, ಕೃಷಿ ಪಂಡಿತ ಡ್ಯುಹಾಮೆಲ್ ಅವರ ಗೌರವಾರ್ಥ ಬಂದದ್ದು. 1750ರ ದಶಕದಲ್ಲಿ ಕೆರಿಬಿಯನ್ ದ್ವೀಪಗಳನ್ನು ಸುತ್ತಿ ಗಿಡಗಳನ್ನು ಸಂಗ್ರಹಿಸಿದ ಜಾಕ್ವಿನ್ ಎಂಬ ವಿಜ್ಞಾನಿ ಈ ಹೆಸರನ್ನಿಟ್ಟರು.

ಕುಟುಂಬದ ಲೆಕ್ಕದಲ್ಲಿ ಈ ಗಿಡ ನಮಗೆ ಅಪರಿಚಿತವಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ಮತ್ತು ಕರಾವಳಿಯ ಕೇಪಳ ಇದೇ ಕುಟುಂಬದವು. ಕಾಂಡದ ಪ್ರತಿ ಗಿಣ್ಣಿನಲ್ಲಿ ಸಾಮಾನ್ಯವಾಗಿ ಮೂರು ಎಲೆಗಳು ಸುತ್ತಲೂ ಹೊರಡುತ್ತವೆ. ಎಲೆಯ ತೊಟ್ಟು ಮತ್ತು ನರ ಕೆಂಪಗಿರುತ್ತವೆ. ಪೂರ್ಣ ಬಿಸಿಲಿನಲ್ಲಿ ಬೆಳೆದ ಗಿಡದ ಎಲೆಯೂ ಕೆಂಪು ಛಾಯೆ ಪಡೆಯುತ್ತದೆ, ಅದು ರೋಗವಲ್ಲ. ಎರಡು ಸೆಂಟಿಮೀಟರಿನಷ್ಟು ಉದ್ದದ ಕಿತ್ತಳೆಗೆಂಪು ಕೊಳವೆ ಹೂಗಳು ಗೊಂಚಲಾಗಿ ಬಿಡುತ್ತವೆ. ಬಳಿಕ ಸಣ್ಣ ಹಣ್ಣುಗಳು ಹಳದಿಯಿಂದ ಕೆಂಪಿಗೆ, ಕೆಂಪಿನಿಂದ ಕಪ್ಪಿಗೆ ತಿರುಗುತ್ತವೆ. ಹೂವಿಗೆ ಒಂದು ಹಕ್ಕಿಯಾದರೆ ಹಣ್ಣಿಗೆ ಪಿಕಳಾರದಂಥ ಇನ್ನೊಂದು ಹಕ್ಕಿ.

ಫ್ಲಾರಿಡಾದ ಉತ್ತರ ಭಾಗದಲ್ಲಿ ಚಳಿಗಾಲದ ಹಿಮಕ್ಕೆ ಈ ಗಿಡ ನೆಲಮಟ್ಟದವರೆಗೆ ಸಾಯುತ್ತದೆ. ವಸಂತದಲ್ಲಿ ಬೇರಿನಿಂದ ಮತ್ತೆ ಚಿಗುರುತ್ತದೆ. ನಮ್ಮಲ್ಲಿ ಅಂಥ ಹಿಮ ಬೀಳುವುದಿಲ್ಲವಾದ್ದರಿಂದ ಇದು ವರ್ಷವಿಡೀ ನಿಂತು, ಹೆಚ್ಚು ಕಡಿಮೆ ಹನ್ನೆರಡು ತಿಂಗಳೂ ಹೂ ಬಿಡುವ ಬಹುವಾರ್ಷಿಕ ಪೊದೆ. ನರ್ಸರಿಗಳಲ್ಲಿ ಎರಡು ಬಗೆ ದೊರೆಯುತ್ತವೆ. ಒಂದು ಎತ್ತರದ್ದು; ಬಿಟ್ಟರೆ ಎರಡು ಮೂರು ಮೀಟರ್, ಕೆಲವೊಮ್ಮೆ ಇನ್ನೂ ಹೆಚ್ಚು ಬೆಳೆಯುತ್ತದೆ. ಇನ್ನೊಂದು ಗಿಡ್ಡ ಬಗೆ. ಒಂದರಿಂದ ಒಂದೂವರೆ ಮೀಟರ್. ಬೇಲಿಗೂ ಕುಂಡಕ್ಕೂ ಗಿಡ್ಡ ಬಗೆಯೇ ಅನುಕೂಲ.

ಕೆಂಪು ಬಣ್ಣವೇಕೆ, ಕೊಳವೆಯೇಕೆ?

ಹಕ್ಕಿಗಳನ್ನು ಕರೆಯುವ ಹೂಗಳಿಗೆ ಕೆಲವು ಸಮಾನ ಲಕ್ಷಣಗಳಿವೆ. ಬಣ್ಣ ಕೆಂಪು ಅಥವಾ ಕಿತ್ತಳೆ. ಜೇನುನೊಣದ ಕಣ್ಣಿಗೆ ಅಪ್ಪಟ ಕೆಂಪು ಚೆನ್ನಾಗಿ ಕಾಣದು, ಹಕ್ಕಿಗಳಿಗೆ ಚೆನ್ನಾಗಿ ಕಾಣುತ್ತದೆ. ಪರಿಮಳ ಇಲ್ಲವೆನ್ನುವಷ್ಟು ಕಡಿಮೆ. ಹಕ್ಕಿ ಬರುವುದು ವಾಸನೆ ಹಿಡಿದಲ್ಲ, ಬಣ್ಣ ನೋಡಿ. ಆಕಾರ ಕೊಳವೆ, ಮಕರಂದ ಬುಡದಲ್ಲಿರುವುದರಿಂದ ಉದ್ದ ಕೊಕ್ಕಿಗೆ ಮಾತ್ರ ಸುಲಭವಾಗಿ ಎಟಕುತ್ತದೆ. ಹಕ್ಕಿ ಕೊಕ್ಕು ಚಾಚಿದಾಗ ಪರಾಗ ಅದರ ಕೊಕ್ಕಿಗೂ ಹಣೆಗೂ ಅಂಟಿ ಮುಂದಿನ ಹೂವಿಗೆ ಹೋಗುತ್ತದೆ. ಹೂವು ಕೊಡುವುದು ಸಕ್ಕರೆ ನೀರು, ಪಡೆಯುವುದು ಪರಾಗ ಸಾಗಿಸುವ ಸೇವೆ.

ಈ ವ್ಯಾಪಾರದಲ್ಲಿ ಕಳ್ಳರೂ ಉಂಟು. ಕೆರಿಬಿಯನ್ ದ್ವೀಪಗಳಲ್ಲಿ ಗಿಡ್ಡ ಕೊಕ್ಕಿನ ಒಂದು ಹಕ್ಕಿ ಹಮೇಲಿಯ ಹೂವಿನ ಬುಡಕ್ಕೆ ರಂಧ್ರ ಕೊರೆದು ಮಕರಂದ ಕದಿಯುತ್ತದೆ. ಪರಾಗವನ್ನು ಅದು ಮುಟ್ಟುವುದೇ ಇಲ್ಲ. ನಮ್ಮ ಸೂರಕ್ಕಿಯೂ ದಾಸವಾಳದಂಥ ದೊಡ್ಡ ಹೂವಿನಲ್ಲಿ ಇದೇ ಉಪಾಯ ಮಾಡುವುದನ್ನು ತಾವು ನೋಡಿರಬಹುದು. ದಾಸವಾಳದ ಬುಡದಲ್ಲಿ ಸಣ್ಣ ಸೀಳು ಕಂಡರೆ ಗಿಡಕ್ಕೆ ಔಷಧಿ ಹುಡುಕಬೇಕಾಗಿಲ್ಲ.

ಅಮೆರಿಕದಲ್ಲಿ ಹಲವರು ಸಕ್ಕರೆ ನೀರಿನ ಬಟ್ಟಲನ್ನೇ ಮನೆಯ ಮುಂದೆ ತೂಗುಹಾಕುತ್ತಾರೆ. ನಾಲ್ಕು ಪಾಲು ನೀರಿಗೆ ಒಂದು ಪಾಲು ಬಿಳಿ ಸಕ್ಕರೆ ಎಂಬುದು ಅಲ್ಲಿಯ ಲೆಕ್ಕ. ಹೂವಿನ ಮಕರಂದದ ಸಿಹಿಯೂ ಹೆಚ್ಚು ಕಡಿಮೆ ಅಷ್ಟೇ. ಆದರೆ ಬೇಸಿಗೆಯಲ್ಲಿ ಅದು ಬೇಗ ಹುಳಿಯುತ್ತದೆ. ಬಟ್ಟಲು ತೊಳೆಯುವುದನ್ನು ಮರೆತರೆ ಹಕ್ಕಿಗೆ ರೋಗ. ಗಿಡ ಹಾಗಲ್ಲ. ಪ್ರತಿದಿನ ಹೊಸ ಹೂವು, ಹೊಸ ಮಕರಂದ, ಜೊತೆಗೆ ಮರಿಗಳಿಗೆ ಬೇಕಾದ ಹುಳುಗಳು. ಬಟ್ಟಲಿಗಿಂತ ಗಿಡವೇ ಮೇಲು.

ಸಸಿ ಮಾಡಿಕೊಳ್ಳುವ ಕ್ರಮ

ಒಂದು ಗಿಡವಿದ್ದರೆ ಹತ್ತು ಗಿಡ ಮಾಡುವುದು ಕಷ್ಟವಲ್ಲ. ಜೂನ್, ಜುಲೈ ತಿಂಗಳ ಮೋಡದ ದಿನಗಳು ಇದಕ್ಕೆ ಒಳ್ಳೆಯ ಕಾಲ.

ತೀರ ಎಳೆಯದೂ ಅಲ್ಲದ, ಪೂರ್ತಿ ಬಲಿತು ಕಟ್ಟಿಗೆಯಾಗಿಯೂ ಇಲ್ಲದ, ಪೆನ್ಸಿಲ್ ಗಾತ್ರದ ಕಡ್ಡಿಗಳನ್ನು ಆರಿಸಬೇಕು. 12ರಿಂದ 15 ಸೆಂ.ಮೀ. ಉದ್ದಕ್ಕೆ, ಕೆಳಗಿನ ಗಿಣ್ಣಿಗೆ ಸ್ವಲ್ಪ ಕೆಳಗೆ ಓರೆಯಾಗಿ ಕತ್ತರಿಸಬೇಕು. ಕೆಳಗಿನ ಎಲೆಗಳನ್ನು ತೆಗೆದು, ತುದಿಯ ಎರಡು ಮೂರು ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ ಉಳಿಸಿಕೊಳ್ಳಬೇಕು. ಬೇರು ಬರಿಸುವ ಪುಡಿ ದೊರೆತರೆ ಬುಡವನ್ನು ಅದರಲ್ಲಿ ಅದ್ದಬಹುದು. ದೊರೆಯದಿದ್ದರೆ ಕಡ್ಡಿಗಳ ಸಂಖ್ಯೆಯನ್ನು ಸ್ವಲ್ಪ ಹೆಚ್ಚಿಸಿದರಾಯಿತು.

ಮರಳು ಮತ್ತು ಎರೆಗೊಬ್ಬರವನ್ನು ಸಮನಾಗಿ ಬೆರೆಸಿ ಪಾಲಿಥೀನ್ ಚೀಲಗಳಿಗೆ ತುಂಬಿ, ಕಡ್ಡಿಯ ಮೂರನೆಯ ಒಂದು ಭಾಗ ಒಳಗೆ ಹೋಗುವಂತೆ ಊರಿ, ನೆರಳಿನಲ್ಲಿಡಬೇಕು. ಮಣ್ಣು ತೇವವಾಗಿರಬೇಕು, ಕೆಸರಾಗಬಾರದು. ನಾಲ್ಕರಿಂದ ಆರು ವಾರಗಳಲ್ಲಿ ಬೇರು ಬರುತ್ತದೆ. ಬೇರು ಬಂತೇ ಎಂದು ಮೇಲಿಂದ ಮೇಲೆ ಕಿತ್ತು ನೋಡುವ ಅಭ್ಯಾಸ ಬೇಡ. ಹೊಸ ಚಿಗುರು ಮೂಡಿ ಬೆಳೆಯತೊಡಗಿದ ಮೇಲೆ ನಿಧಾನವಾಗಿ ಬಿಸಿಲಿಗೆ ಒಗ್ಗಿಸಬೇಕು. ಬೀಜದಿಂದಲೂ ಸಸಿ ಮಾಡಬಹುದು. ಆದರೆ ಬೀಜ ತೀರ ಸಣ್ಣದು, ಹೂ ಬರುವುದೂ ತಡ.

ನೆಡುವ ಜಾಗ ಮತ್ತು ಮಣ್ಣು

ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೀಳುವ ಜಾಗ ಬೇಕು. ನೆರಳಿನಲ್ಲಿ ಗಿಡ ಸಾಯುವುದಿಲ್ಲ. ಆದರೆ ಉದ್ದುದ್ದ ಬೆಳೆದು, ಎಲೆ ಹೆಚ್ಚಾಗಿ, ಹೂ ಕಡಿಮೆಯಾಗುತ್ತದೆ. ಬಿಸಿಲು ಬಡಿಯುವ ಪಶ್ಚಿಮದ ಕಾಂಪೌಂಡ್ ಗೋಡೆಯ ಬದಿ, ಬೇರೆ ಹೂಗಿಡಗಳು ಸೋತ ಜಾಗ, ಇದಕ್ಕೆ ಆಗಿಬರುತ್ತದೆ. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಚೆನ್ನಾಗಿ ಬೇರು ಬಿಟ್ಟ ಗಿಡ ಆ ಬಿಸಿಲನ್ನೂ ತಾಳುತ್ತದೆ. ನಡುಹಗಲಲ್ಲಿ ಎಲೆಗಳು ಜೋಲುಬಿದ್ದು ಸಂಜೆಗೆ ಚೇತರಿಸಿಕೊಂಡರೆ ಗಾಬರಿ ಬೇಡ. ಬೆಳಿಗ್ಗೆಯೂ ಜೋತೇ ಇದ್ದರೆ ಮಾತ್ರ ನೀರು ಬೇಕಾಗಿದೆ ಎಂದರ್ಥ.

ಮಣ್ಣಿನ ವಿಷಯದಲ್ಲಿ ಹಠವಿಲ್ಲ. ಫ್ಲಾರಿಡಾದ ಸುಣ್ಣಕಲ್ಲಿನ ನೆಲದಲ್ಲಿ ತಾನಾಗಿ ಬೆಳೆಯುವ ಗಿಡವಿದು. ಆದ್ದರಿಂದ ನಮ್ಮ ಸುಣ್ಣದ ಅಂಶವಿರುವ ಎರೆಮಣ್ಣಿಗೂ ಹೆದರುವುದಿಲ್ಲ. ಅದು ಹೆದರುವುದು ನಿಂತ ನೀರಿಗೆ. ಎರೆಭೂಮಿಯಲ್ಲಿ ಗುಂಡಿಯಲ್ಲಿ ನೆಡುವ ಬದಲು ಒಂದು ಗೇಣು ಎತ್ತರದ ದಿಬ್ಬ ಮಾಡಿ ನೆಡುವುದು ಕ್ಷೇಮ. ಕೆಮ್ಮಣ್ಣಿನಲ್ಲಿ ಉದ್ದ, ಅಗಲ, ಆಳ ಒಂದೂವರೆ ಅಡಿಯ ಗುಂಡಿ ಸಾಕು. ಮೇಲ್ಮಣ್ಣಿಗೆ ಎರಡು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಬೇಕು. ಬೇಲಿಯಾಗಿ ಬೆಳೆಸುವುದಾದರೆ ಗಿಡ್ಡ ಬಗೆಗೆ ಎರಡು ಎರಡೂವರೆ ಅಡಿ ಅಂತರ; ಎತ್ತರದ ಬಗೆ ಒಂಟಿಯಾಗಿ ನಿಲ್ಲುವುದಾದರೆ ಸುತ್ತ ಐದು ಅಡಿ ಜಾಗ ಬಿಡಬೇಕು.

ನೀರು ಮತ್ತು ಗೊಬ್ಬರ

‘ಬಿಸಿಲು ತಾಳುವ ಗಿಡ’ ಎಂದು ಕೇಳಿ ನೆಟ್ಟ ಮರುದಿನವೇ ಮರೆತುಬಿಡುವವರಿದ್ದಾರೆ. ಬಿಸಿಲು ತಾಳುವುದು ಬೇರು ಇಳಿದ ಗಿಡ. ನಿನ್ನೆ ನೆಟ್ಟ ಸಸಿಯಲ್ಲ. ಮಳೆಗಾಲದ ಆರಂಭದಲ್ಲಿ ನೆಟ್ಟರೆ ಬೇಸಿಗೆ ಬರುವ ಹೊತ್ತಿಗೆ ಏಳೆಂಟು ತಿಂಗಳು ಸಿಗುತ್ತದೆ. ಮೊದಲ ಬೇಸಿಗೆಯಲ್ಲಿ ವಾರಕ್ಕೆ ಎರಡು ಬಾರಿ, ಪ್ರತಿ ಸಲ ಎಂಟು ಹತ್ತು ಲೀಟರಿನಂತೆ ನಿಧಾನವಾಗಿ ಬುಡಕ್ಕೆ ಕೊಡಬೇಕು. ದಿನವೂ ಒಂದು ಚೊಂಬು ಚಿಮುಕಿಸಿದರೆ ಬೇರು ಮೇಲ್ಮಣ್ಣಿನಲ್ಲೇ ಉಳಿಯುತ್ತದೆ. ಎರಡನೆಯ ವರ್ಷದಿಂದ ಬೇಸಿಗೆಯಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ ಸಾಕು. ನೀರಿನ ತೊಂದರೆಯಿರುವ ಊರುಗಳಲ್ಲಿ ಅಕ್ಕಿ, ತರಕಾರಿ ತೊಳೆದ ನೀರನ್ನೇ ಪಾತಿಗೆ ತಿರುಗಿಸಬಹುದು. ಬುಡಕ್ಕೆ ಒಣ ಎಲೆ, ಕಡಲೆ ಸಿಪ್ಪೆ ಅಥವಾ ತೆಂಗಿನ ನಾರಿನ ಹೊದಿಕೆ ಹಾಕಿದರೆ ತೇವ ಉಳಿಯುತ್ತದೆ.

ಗೊಬ್ಬರ ಮಿತವಾಗಿರಲಿ. ವರ್ಷಕ್ಕೆ ಎರಡು ಬಾರಿ, ಮುಂಗಾರು ಆರಂಭದಲ್ಲಿ ಮತ್ತು ದೀಪಾವಳಿಯ ಆಸುಪಾಸಿನಲ್ಲಿ, ಒಂದೊಂದು ಬುಟ್ಟಿ ಕಾಂಪೋಸ್ಟ್ ಸಾಕು. ಯೂರಿಯ ಸುರಿದರೆ ಎಲೆ ಸೊಂಪಾಗುತ್ತದೆ, ಹೂ ಹಿಂದೆ ಬೀಳುತ್ತದೆ, ಹೇನು ಮುತ್ತುತ್ತದೆ.

ಕತ್ತರಿ ಹಿಡಿಯುವ ಮುನ್ನ

ಎಲ್ಲಕ್ಕಿಂತ ಹೆಚ್ಚು ತಪ್ಪುಗಳಾಗುವುದು ಇಲ್ಲಿ. ನಾನೂ ಮಾಡಿದ್ದೇನೆ.

ಬಳ್ಳಾರಿಯ ನಮ್ಮ ಮನೆಯ ಮುಂದೆ ಹನ್ನೆರಡು ಗಿಡಗಳ ಬೇಲಿ ಮಾಡಿದ್ದೆ. ಎರಡನೆಯ ವರ್ಷಕ್ಕೆ ಸೊಗಸಾಗಿ ಹೂ ಬಿಟ್ಟು, ಎರಡು ಜೊತೆ ಸೂರಕ್ಕಿ ಕಾಯಂ ಆಗಿ ಬರತೊಡಗಿದವು. ಮಂಡಿನೋವಿನಿಂದ ಹೊರಗೆ ಹೋಗಲಾಗದ ನಮ್ಮ ಅವ್ವನಿಗೆ ಪಡಸಾಲೆಯಲ್ಲಿ ಕುಳಿತು ಅವನ್ನು ನೋಡುವುದೇ ಮಧ್ಯಾಹ್ನದ ಹೊತ್ತಿನ ಸಂಗಾತಿಯಾಯಿತು. ಆಗ ನನಗೆ ಬೇಲಿ ಕಚೇರಿಯ ಮುಂದಿನ ಬೇಲಿಯಂತೆ ಸಪಾಟಾಗಿ, ಇಟ್ಟಿಗೆಯ ಗೋಡೆಯಂತೆ ಇರಬೇಕೆಂದು ಆಸೆ ಹುಟ್ಟಿತು. ಹದಿನೈದು ದಿನಕ್ಕೊಮ್ಮೆ ದೊಡ್ಡ ಕತ್ತರಿಯಿಂದ ಸವರಿಸಿದೆ. ಎರಡು ತಿಂಗಳಲ್ಲಿ ಬೇಲಿ ಹಸಿರು ಪೆಟ್ಟಿಗೆಯಾಯಿತು. ಹೂವಿರಲಿಲ್ಲ. ‘ಗಿಡ ನುಣ್ಣಗ ಕಾಣ್ತದ ಖರೆ. ಹಕ್ಕಿ ಎಲ್ಲಿ ಹೋದುವಪ್ಪಾ?’ ಎಂದು ಅವ್ವ ಕೇಳಿದಾಗಲೇ ನನಗೆ ತಪ್ಪು ತಿಳಿದದ್ದು.

ಕಾರಣ ಸರಳ. ಹಮೇಲಿಯ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಆ ತುದಿ ಮೊಗ್ಗಾಗುವ ಮೊದಲೇ ಕತ್ತರಿಸಿದರೆ ಗಿಡ ಮತ್ತೆ ಚಿಗುರುತ್ತದೆ, ನಾವು ಮತ್ತೆ ಕತ್ತರಿಸುತ್ತೇವೆ; ಹೂವಿಗೆ ಸರದಿಯೇ ಬರುವುದಿಲ್ಲ. ಎಷ್ಟೋ ಕಡೆ ಇದೇ ಗಿಡ ವರ್ಷವಿಡೀ ಹಸಿರಾಗಿದ್ದೂ ಹೂವಿಲ್ಲದೆ ನಿಂತಿರುವುದಕ್ಕೆ ಇದೇ ಕಾರಣ.

ಸರಿಯಾದ ಕ್ರಮ ಹೀಗಿದೆ. ವರ್ಷಕ್ಕೊಮ್ಮೆ, ಮುಂಗಾರು ಕಾಲಿಟ್ಟ ಮೇಲೆ, ಗಿಡದ ಮೂರನೆಯ ಒಂದು ಭಾಗವನ್ನು ಸವರಬೇಕು. ಹಳೆಯದಾಗಿ ಬುಡ ಬರಿದಾದ ಗಿಡವನ್ನು ಅರ್ಧದವರೆಗೂ ಇಳಿಸಬಹುದು. ಆರರಿಂದ ಎಂಟು ವಾರಗಳಲ್ಲಿ ಮತ್ತೆ ಹೂ ಕಾಣುತ್ತದೆ. ಬೇಲಿ ಉದ್ದವಾಗಿದ್ದರೆ ಒಂದು ಗಿಡ ಬಿಟ್ಟು ಒಂದನ್ನು ಸವರಿ, ಉಳಿದವನ್ನು ಎರಡು ತಿಂಗಳ ನಂತರ ಸವರಿದರೆ ಹಕ್ಕಿಗೆ ಒಂದು ದಿನವೂ ಉಪವಾಸವಿಲ್ಲ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಕತ್ತರಿ ಬೇಡವೇ ಬೇಡ. ಬೇರೆ ಗಿಡಗಳು ಒಣಗಿ ನಿಂತ ಆ ದಿನಗಳಲ್ಲಿ ಈ ಹೂವಿನ ಬೆಲೆ ಹೆಚ್ಚು. ಕತ್ತರಿಸುವ ಮೊದಲು ಪೊದೆಯೊಳಗೆ ಒಮ್ಮೆ ಇಣುಕಿ ನೋಡಿ. ಸೂರಕ್ಕಿಯ ಗೂಡು ನಾರು, ತೊಗಟೆ ಚೂರು, ಜೇಡರ ಬಲೆ ಸೇರಿಸಿ ಹೆಣೆದ ಪುಟ್ಟ ಚೀಲ. ತೂಗುಬಿದ್ದ ಕಸದಂತೆ ಕಾಣುತ್ತದೆ; ಗೊತ್ತಿಲ್ಲದವರು ಕಿತ್ತೆಸೆಯುತ್ತಾರೆ.

ಕೀಟ ಬಂದರೆ

ಗಟ್ಟಿ ಗಿಡವಾದರೂ ಹಿಟ್ಟು ತಿಗಣೆ, ಸಸ್ಯಹೇನು, ಶಲ್ಕ ಕೀಟ, ನುಸಿ ಆಗಾಗ ಬರುವುದುಂಟು. ಎಲೆ ತಿನ್ನುವ ಹಸಿರು ಹುಳುಗಳೂ ಬರುತ್ತವೆ. ಇವುಗಳಲ್ಲಿ ಹಲವನ್ನು ಹಕ್ಕಿಗಳೇ ತಿನ್ನುತ್ತವೆ. ಸೂರಕ್ಕಿ ತನ್ನ ಮರಿಗಳನ್ನು ಸಾಕುವುದು ಬರಿಯ ಮಕರಂದದಿಂದಲ್ಲ, ಹುಳು ಮತ್ತು ಜೇಡಗಳಿಂದ.

ಇಲ್ಲಿಯೂ ನನ್ನದೊಂದು ತಪ್ಪನ್ನು ಹೇಳಬೇಕು. ಒಂದು ಬೇಸಿಗೆಯಲ್ಲಿ ಹಿಟ್ಟು ತಿಗಣೆ ಕಂಡಾಗ, ಗಿಡದ ರಸದೊಳಗೆ ಸೇರಿ ಕೆಲಸ ಮಾಡುವ ಕೀಟನಾಶಕವನ್ನು ತಂದು ಎರಡು ಬಾರಿ ಸಿಂಪಡಿಸಿದೆ. ತಿಗಣೆ ಹೋಯಿತು. ಆ ವಾರವೇ ಪಡಸಾಲೆಯ ತಂತಿಗೆ ತೂಗಿದ್ದ ಗೂಡಿನಲ್ಲಿ ಎರಡು ಮರಿಗಳು ಸತ್ತಿದ್ದವು. ಔಷಧಿಯೇ ಕಾರಣವೆಂದು ಸಾಧಿಸಿ ಹೇಳಲಾರೆ, ಬಿಸಿಲೂ ಇತ್ತು. ಆದರೆ ಇಂಥ ಔಷಧಿಗಳು ಬೇರಿನಿಂದ, ಎಲೆಯಿಂದ ಹೂವಿಗೂ ಹೋಗಿ ಮಕರಂದದಲ್ಲಿ ಸೇರುತ್ತವೆ ಎಂಬುದು ತಿಳಿದ ವಿಷಯ. ಇಮಿಡಾಕ್ಲೋಪ್ರಿಡ್ ಅಂಥದೊಂದು. ಹಕ್ಕಿಯನ್ನು ಊಟಕ್ಕೆ ಕರೆದು ಎಲೆಯಲ್ಲಿ ವಿಷ ಬಡಿಸುವುದು ಸರಿಯಲ್ಲ. ಅಂದಿನಿಂದ ಹೂಗಿಡಗಳಿಗೆ ಆ ಬಾಟಲಿಯನ್ನು ಮುಟ್ಟಿಲ್ಲ.

ಬದಲಿಗೆ ಮಾಡಬೇಕಾದದ್ದು ಇಷ್ಟು. ಮೊದಲು ರಭಸದ ನೀರಿನಿಂದ ಗಿಡವನ್ನು ತೊಳೆಯಬೇಕು. ತೀರ ಹೆಚ್ಚಾಗಿರುವ ಟೊಂಗೆಗಳನ್ನು ಕತ್ತರಿಸಿ ದೂರ ಹಾಕಬೇಕು. ಬಳಿಕವೂ ಉಳಿದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಅದು ಬೆರೆಯುವಷ್ಟು ಸೋಪಿನ ದ್ರಾವಣ ಸೇರಿಸಿ, ಹಕ್ಕಿಗಳು ಹೋದ ಮೇಲೆ ಸಂಜೆ, ಹೂಗಳನ್ನು ಬಿಟ್ಟು ಎಲೆಯ ಅಡಿಭಾಗಕ್ಕೆ ಸಿಂಪಡಿಸಬೇಕು. ಇರುವೆಗಳ ಸಾಲು ಕಂಡರೆ ಅದನ್ನು ತಡೆಯಬೇಕು. ತಿಗಣೆ ಸುರಿಸುವ ಅಂಟಿನ ಆಸೆಗೆ ಇರುವೆಗಳು ಅವನ್ನು ಕಾಯುತ್ತವೆ.

ಅಂಗಳವಿಲ್ಲದವರಿಗೆ

ಬಿಸಿಲು ಬೀಳುವ ಬಾಲ್ಕನಿ ಅಥವಾ ತಾರಸಿ ಇದ್ದರೆ ಗಿಡ್ಡ ಬಗೆಯನ್ನು 14 ಅಂಗುಲದ ಕುಂಡದಲ್ಲಿ ಬೆಳೆಸಬಹುದು. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಗೊಬ್ಬರ ಸಾಕು. ಕುಂಡದ ಮಣ್ಣು ಬೇಗ ಒಣಗುವುದರಿಂದ ಬೇಸಿಗೆಯಲ್ಲಿ ದಿನವೂ ನೀರು ಬೇಕು. ತಾರಸಿಯ ಕಾದ ಸಿಮೆಂಟಿನ ಮೇಲೆ ನೇರವಾಗಿ ಇಡದೆ ಎರಡು ಇಟ್ಟಿಗೆಗಳ ಮೇಲಿಟ್ಟರೆ ಬೇರು ಬೇಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬೇರು ಸವರಿ ಮಣ್ಣು ಬದಲಿಸಬೇಕು.

ಒಂದು ಎಚ್ಚರಿಕೆ

ಹೊರನಾಡಿನ ಗಿಡವನ್ನು ನೆಡಬಹುದೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನಮ್ಮ ಹಬ್ಬದ ಚೆಂಡುಹೂವಿನ ತವರು ಮೆಕ್ಸಿಕೊ. ಕಾಗದದ ಹೂ ದಕ್ಷಿಣ ಅಮೆರಿಕದ್ದು. ಅವು ನಮ್ಮೊಂದಿಗೆ ಹೊಂದಿಕೊಂಡಿವೆ. ಆದರೆ ಲಂಟಾನವೂ ಅಮೆರಿಕದಿಂದ ಅಲಂಕಾರದ ಗಿಡವಾಗಿಯೇ ಬಂದದ್ದು. ಅದರ ಹಣ್ಣನ್ನೂ ಹಕ್ಕಿಗಳು ಇಷ್ಟಪಟ್ಟು ತಿಂದು ಬೀಜ ಹರಡಿದವು. ಇಂದು ಬಿಳಿಗಿರಿರಂಗನ ಬೆಟ್ಟ, ಬಂಡೀಪುರದ ಕಾಡುಗಳಲ್ಲಿ ಹುಲ್ಲು, ಎಳೆ ಮರಗಳಿಗೆ ಜಾಗವಿಲ್ಲದಂತೆ ಅದು ಹಬ್ಬಿದೆ.

ಹಮೇಲಿಯ ನಮ್ಮಲ್ಲಿ ಅಂಥ ಹಾವಳಿ ಮಾಡಿದ್ದನ್ನು ನಾನು ಕಂಡಿಲ್ಲ. ಆದರೆ ಅದರ ಹಣ್ಣನ್ನೂ ಹಕ್ಕಿಗಳು ತಿನ್ನುತ್ತವೆ ಎಂಬುದನ್ನು ಮರೆಯಬಾರದು. ಊರು, ಪಟ್ಟಣಗಳ ಅಂಗಳದಲ್ಲಿ, ಬಯಲುಸೀಮೆಯ ಮನೆ, ಶಾಲೆಗಳ ಆವರಣದಲ್ಲಿ ಬೆಳೆಸಿ. ಕಾಡಿನಂಚಿನಲ್ಲಿ, ಮಲೆನಾಡಿನ ತೋಟದ ಬೇಲಿಯಲ್ಲಿ ಬೇಡ. ಅಲ್ಲಿಗೆ ನಮ್ಮ ನೆಲದ ಗಿಡಗಳೇ ಇವೆ.

ಅವುಗಳಲ್ಲಿ ಮೊದಲು ನೆನೆಯಬೇಕಾದದ್ದು ಧಾತಕಿ. ಒಣ ಗುಡ್ಡದ ಕಲ್ಲುಸಂದಿಯಲ್ಲೂ ಬೆಳೆಯುವ ಈ ಪೊದೆ ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ ಕೊಂಬೆಯುದ್ದಕ್ಕೂ ಕೆಂಪು ಕೊಳವೆ ಹೂ ತಳೆಯುತ್ತದೆ. ಆಯುರ್ವೇದದ ಅರಿಷ್ಟಗಳನ್ನು ಹುದುಗಿಸಲು ಬಳಸುವುದು ಇದರ ಹೂವನ್ನೇ. ಸೂರಕ್ಕಿಗೆ ಇದು ಹಳೆಯ ನೆಂಟ. ಕರಾವಳಿ, ಮಲೆನಾಡಿಗೆ ಕೇಪಳ ಒಪ್ಪುತ್ತದೆ. ಜಾಗ ಹೆಚ್ಚಿದ್ದವರು ಮುತ್ತುಗದ ಮರವೊಂದನ್ನು ಬೆಳೆಸಬಹುದು. ಸಾಧ್ಯವಿದ್ದವರು ಹಮೇಲಿಯದ ಜೊತೆಗೆ ಒಂದು ಧಾತಕಿಯನ್ನಾದರೂ ನೆಡಬೇಕೆಂದು ನನ್ನ ವಿನಂತಿ.

ನೆನಪಿಡಬೇಕಾದ ಅಂಶಗಳು

1. ಹಮ್ಮಿಂಗ್ ಬರ್ಡ್ ನಮ್ಮ ದೇಶದಲ್ಲಿಲ್ಲ. ನಮ್ಮ ಹೂಗಳಿಗೆ ಬರುವುದು ಸೂರಕ್ಕಿ.
2. ಸಸಿ ನೆಡಲು ಮುಂಗಾರಿನ ಆರಂಭ ಸೂಕ್ತ. ಆರು ಗಂಟೆ ಬಿಸಿಲು ಬೇಕು, ನೀರು ನಿಲ್ಲಬಾರದು.
3. ಮೊದಲ ಬೇಸಿಗೆಯಲ್ಲಿ ವಾರಕ್ಕೆ ಎರಡು ಬಾರಿ ಆಳವಾಗಿ ನೀರುಣಿಸಿ.
4. ಹೂ ಬರುವುದು ಚಿಗುರಿನ ತುದಿಯಲ್ಲಿ. ವರ್ಷಕ್ಕೊಮ್ಮೆ ಮಾತ್ರ ಸವರಿ, ಬೇಸಿಗೆಯಲ್ಲಿ ಸವರಬೇಡಿ.
5. ಗಿಡದ ರಸಕ್ಕೆ ಸೇರುವ ಕೀಟನಾಶಕ ಬಳಸಬೇಡಿ. ನೀರು, ಬೇವಿನ ಎಣ್ಣೆ ಸಾಕು.
6. ಕಾಡಿನಂಚಿನಲ್ಲಿ ಬೆಳೆಸಬೇಡಿ, ಅಲ್ಲಿ ಧಾತಕಿ, ಕೇಪಳ ನೆಡಿ.

ಕತ್ತರಿಯನ್ನು ಗೂಡಿಗೆ ಹಾಕಿದ ಆ ವರ್ಷ ನಮ್ಮ ಬೇಲಿಯಲ್ಲಿ ಎಂಟನೆಯ ವಾರಕ್ಕೆ ಮೊದಲ ಗೊಂಚಲು ಅರಳಿತು. ಬೇಲಿ ಈಗ ಅಷ್ಟು ಸಪಾಟಾಗಿಲ್ಲ. ಅಲ್ಲಲ್ಲಿ ಟೊಂಗೆಗಳು ಚಾಚಿಕೊಂಡಿವೆ. ಆ ಚಾಚಿದ ಟೊಂಗೆಯ ಮೇಲೆಯೇ ಸೂರಕ್ಕಿ ಕೂರುತ್ತದೆ. ತಮ್ಮ ಮನೆಯಲ್ಲಿಯೂ ಹಾಗಾಗಲಿ. ಈ ಮುಂಗಾರಿಗೆ ಒಂದು ಕಡ್ಡಿ ಊರಿ ನೋಡಿ.